ಮೂರು ಕ್ರೀಡೆಗಳಿಂದ ಒಂದು ಕ್ರೀಡೆಗೆ: ಟ್ರಯಥ್ಲಾನಿನಿಂದ ಸೈಕಲ್ ಪಂದ್ಯದತ್ತ

ಸೈಕಲ್ ಪಂದ್ಯವೆಂಬುದು ಉತ್ತರ ಕರ್ನಾಟಕದ ಜನತೆಗೆ ಅಪರಿಚಿತವಾದುದಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ತರುಣ ತರುಣಿಯರು ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧೆಗಳಲ್ಲಿ ಹೆಸರು ಗಳಿಸಿರುವುದು ಬಹುಮಂದಿ ಬಲ್ಲ ಸಂಗತಿಯಾಗಿದೆ. ಆದರೆ ಟ್ರಯಥ್ಲಾನ್ ಎಂಬ ಇನ್ನೊಂದು ಕ್ರೀಡೆಯ ಪರಿಚಯ ಅಷ್ಟಾಗಿ ಹರಡಿಲ್ಲ. ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಹಿಂದೊಂದರಂತೆ ಮುಗಿಸಬೇಕಾದ ಸ್ಪರ್ಧೆಯೇ ಟ್ರಯಥ್ಲಾನ್. ಕಳೆದ ಮೂರು ನಾಲ್ಕು ದಶಕಗಳಲ್ಲಿ ಈ ಕ್ರೀಡೆಯಲ್ಲಿ ಪಳಗಿದ ಕೆಲವರು ಉಳಿದೆರಡನ್ನು ಬಿಟ್ಟು ಸೈಕಲ್ ಪಂದ್ಯವೊಂದನ್ನೇ ತಮ್ಮದಾಗಿಸಿಕೊಂಡಿದ್ದಾರೆ. ಅವರಲ್ಲಿ ಹಲವರು ಒಲಿಂಪಿಕ್ ಪದಕದವರೆಗೂ ಏರಿದ್ದಾರೆ.

ಮೇಲುನೋಟಕ್ಕೆ ಇದು ಸುಲಭವಾದ ಬದಲಾವಣೆಯೆಂದು ತೋರುತ್ತದೆ. ಮೂರನ್ನು ಬಲ್ಲವನಿಗೆ ಒಂದು ಯಾವ ಲೆಕ್ಕವೆಂದು ಯಾರಾದರೂ ಕೇಳಬಹುದು. ಆದರೆ ವಾಸ್ತವವು ಹಾಗಿಲ್ಲ. ಟ್ರಯಥ್ಲಾನಿನ ಸವಾರನೂ ಸೈಕಲ್ ಪಂದ್ಯದ ಸವಾರನೂ ತುಳಿಯುವುದು ಎರಡು ಚಕ್ರದ ಬಂಡಿಯನ್ನೇ ಆದರೂ ಅವರಿಬ್ಬರ ಕಸುಬು ಬೇರೆ ಬೇರೆಯಾದುದು. ಒಂದು ವಿದ್ಯೆಯಲ್ಲಿ ಗಳಿಸಿದುದರಲ್ಲಿ ಎಷ್ಟು ಭಾಗ ಇನ್ನೊಂದಕ್ಕೆ ಸಲ್ಲುತ್ತದೆ, ಯಾವುದನ್ನು ಮರೆಯಬೇಕಾಗುತ್ತದೆ, ಯಾವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ ಎಂಬ ಪ್ರಶ್ನೆಯು ಕ್ರೀಡಾಪಟುಗಳಿಗೆ ಮಾತ್ರವಲ್ಲದೆ ಕಲಿಸುವವರಿಗೂ ಸಂಬಂಧಿಸಿದುದಾಗಿದೆ. ಆ ಪ್ರಶ್ನೆಯನ್ನು ಕೆಲವು ಸತ್ಯ ದೃಷ್ಟಾಂತಗಳೊಡನೆ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಟ್ರಯಥ್ಲಾನಿನ ಸ್ವರೂಪ

ಟ್ರಯಥ್ಲಾನ್ ಇತ್ತೀಚಿನ ಕ್ರೀಡೆ. ಇಂದಿನ ರೂಪದ ಟ್ರಯಥ್ಲಾನ್ 1974ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಅಮೆರಿಕೆಯ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇ ಎಂಬಲ್ಲಿ ನಡೆಯಿತು. 1978ರಲ್ಲಿ ಹವಾಯಿ ದ್ವೀಪದಲ್ಲಿ 'ಐರನ್‌ಮ್ಯಾನ್' ಸ್ಪರ್ಧೆ ಆರಂಭವಾದಾಗ ಹೊರಟವರು ಕೇವಲ 15 ಮಂದಿ. ಮುಗಿಸಿದವರು 12 ಮಂದಿ. ಅಂಥ ಸಣ್ಣ ಬೀಜದಿಂದ ಮೊಳೆತ ಈ ಕ್ರೀಡೆ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಸ್ಥಾನ ಪಡೆಯಿತು. ಒಲಿಂಪಿಕ್ ಟ್ರಯಥ್ಲಾನಿನಲ್ಲಿ 1.5 ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್ ಸವಾರಿ, 10 ಕಿಲೋಮೀಟರ್ ಓಟ ಇರುತ್ತದೆ. ಐರನ್‌ಮ್ಯಾನ್ ಸ್ಪರ್ಧೆಯ ಅಳತೆಗಳು ಇದಕ್ಕಿಂತ ಬಹಳ ದೊಡ್ಡವು. 3.8 ಕಿಲೋಮೀಟರ್ ಈಜಿ, 180 ಕಿಲೋಮೀಟರ್ ಸೈಕಲ್ ತುಳಿದು, ಅದರ ಮೇಲೆ 42.2 ಕಿಲೋಮೀಟರಿನ ಪೂರ್ಣ ಮ್ಯಾರಥಾನ್ ಓಡಬೇಕು.

ದೀರ್ಘ ಟ್ರಯಥ್ಲಾನಿನ ಒಂದು ನಿಯಮವನ್ನು ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು. ಒಬ್ಬ ಸವಾರನು ಇನ್ನೊಬ್ಬನ ಬೆನ್ನಿಗೆ ಅಂಟಿಕೊಂಡು ಹೋಗುವಂತಿಲ್ಲ. ಇಬ್ಬರ ನಡುವೆ ಹತ್ತು ಹನ್ನೆರಡು ಮೀಟರುಗಳಿಗೆ ಕಡಮೆಯಿಲ್ಲದ ಅಂತರವಿರಬೇಕು; ತಪ್ಪಿದವರಿಗೆ ದಂಡವುಂಟು. ಆದುದರಿಂದ ಸವಾರನು ಗಂಟೆಗಟ್ಟಲೆ ತಾನೊಬ್ಬನೇ ಗಾಳಿಯನ್ನು ಸೀಳಿಕೊಂಡು ಹೋಗಬೇಕಾಗುತ್ತದೆ. ಅವನಿಗೆ ಮುಖ್ಯವಾದುದು ಒಂದೇ ಸಮನಾದ ವೇಗ. ಆರಂಭದಲ್ಲಿ ಹುಮ್ಮಸ್ಸಿನಿಂದ ಶಕ್ತಿಯನ್ನು ವ್ಯಯ ಮಾಡಿದವನು ಕೊನೆಯ ಓಟದಲ್ಲಿ ಅದರ ಬೆಲೆ ತೆರುತ್ತಾನೆ. ಗಡಿಯಾರ ಮತ್ತು ತನ್ನ ದೇಹ ಇವೆರಡೇ ಅವನ ಸಂಗಾತಿಗಳು. ಒಲಿಂಪಿಕ್ ಟ್ರಯಥ್ಲಾನಿನಲ್ಲಿ ಗುಂಪಿನ ಸವಾರಿಗೆ ಅವಕಾಶವಿದೆ. ಆದರೂ ಅಲ್ಲಿ ಗೆಲುವು ನಿರ್ಧಾರವಾಗುವುದು ಸೈಕಲಿನ ಮೇಲಲ್ಲ, ಕೊನೆಯ ಓಟದಲ್ಲಿ. ಅಲ್ಲಿಯೂ ಸೈಕಲ್ ಸವಾರಿಯು ನಡುವಣ ಅಧ್ಯಾಯವೇ ಆಗಿರುತ್ತದೆ.

ಗಾಳಿಯ ಲೆಕ್ಕ

ಸೈಕಲ್ ಪಂದ್ಯವನ್ನು ಅರಿಯಬೇಕಾದರೆ ಮೊದಲು ಗಾಳಿಯ ಲೆಕ್ಕವನ್ನು ಅರಿಯಬೇಕು. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಸಾಗುವ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಪಕ್ಕಕ್ಕೆ ತಳ್ಳುವುದಕ್ಕೇ ವ್ಯಯವಾಗುತ್ತದೆ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಎದುರಿಸಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವವನು 40 ಕಿಲೋಮೀಟರಿಗೆ ಏರಬೇಕಾದರೆ, ವೇಗ ಹೆಚ್ಚಿದುದು ಮೂರನೆಯ ಒಂದು ಪಾಲು ಮಾತ್ರವಾದರೂ, ಗಾಳಿಗಾಗಿ ಸುರಿಯಬೇಕಾದ ಶಕ್ತಿಯು ಎರಡು ಪಟ್ಟನ್ನೂ ಮೀರುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಿ ನೋಡಬಹುದಾದ ಲೆಕ್ಕವಿದು.

ಮುಂದೆ ಹೋಗುವವನು ಸೀಳಿದ ಗಾಳಿಯ ಮರೆಯಲ್ಲಿ ಹಿಂಬಾಲಿಸುವವನಿಗೆ ಈ ಭಾರ ಬಹಳ ಹಗುರಾಗುತ್ತದೆ. ದೊಡ್ಡ ಗುಂಪಿನ ನಡುವಿನಲ್ಲಂತೂ ಅದು ಆಶ್ಚರ್ಯವೆನಿಸುವಷ್ಟು ಇಳಿಯುತ್ತದೆ. 121 ಸವಾರರ ಗುಂಪನ್ನು ಕುರಿತು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಗುಂಪಿನ ಒಳಭಾಗದಲ್ಲಿರುವ ಸವಾರನ ಮೇಲೆ ಬೀಳುವ ಗಾಳಿಯ ತಡೆಯು ಒಂಟಿ ಸವಾರನ ಮೇಲೆ ಬೀಳುವುದರ ನೂರಕ್ಕೆ 5ರಿಂದ 10ರಷ್ಟಕ್ಕೆ ಇಳಿಯಬಲ್ಲುದು. ಸೈಕಲ್ ಪಂದ್ಯದ ಎಲ್ಲ ತಂತ್ರಗಳೂ ಈ ಒಂದು ಸಂಗತಿಯ ಸುತ್ತ ಹೆಣೆದುಕೊಂಡಿವೆ. ಅತ್ಯಂತ ಬಲಶಾಲಿಯಾದ ಸವಾರನು ದಿನವಿಡೀ ಗಾಳಿಗೆ ಮುಖವೊಡ್ಡಿದರೆ, ಅವನಿಗಿಂತ ದುರ್ಬಲನಾದವನು ಅವನ ಬೆನ್ನಿನ ಮರೆಯಲ್ಲಿ ಸಾಗಿಬಂದು ಕೊನೆಯ ಇನ್ನೂರು ಮೀಟರಿನಲ್ಲಿ ಅವನನ್ನು ದಾಟಿ ಗೆಲ್ಲಬಹುದು. ಬಲವಂತನೇ ಗೆಲ್ಲುತ್ತಾನೆಂಬ ಭರವಸೆ ಇಲ್ಲಿಲ್ಲ. ಬಲವನ್ನು ಯಾವ ಗಳಿಗೆಯಲ್ಲಿ ವ್ಯಯಿಸಬೇಕೆಂದು ಬಲ್ಲವನು ಗೆಲ್ಲುತ್ತಾನೆ.

ಈ ಕಾರಣದಿಂದಲೇ ರಸ್ತೆಯ ಸೈಕಲ್ ಪಂದ್ಯವು ತಂಡಗಳ ಆಟವಾಗಿದೆ. ಒಬ್ಬ ನಾಯಕನ ಗೆಲುವಿಗಾಗಿ ಉಳಿದ ಸದಸ್ಯರು ಗಾಳಿಗೆ ಮುಂದಾಗಿ ನಿಲ್ಲುತ್ತಾರೆ, ನೀರಿನ ಬಾಟಲಿಗಳನ್ನು ಹೊತ್ತು ತರುತ್ತಾರೆ, ನಾಯಕನ ಚಕ್ರ ಕೆಟ್ಟರೆ ತಮ್ಮ ಚಕ್ರವನ್ನು ಬಿಚ್ಚಿ ಕೊಡುತ್ತಾರೆ. ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರು ನೂರನೆಯದಾಗಿರಬಹುದು; ಆದರೆ ಮೊದಲನೆಯವನ ಗೆಲುವಿನಲ್ಲಿ ಅವರ ಪಾಲಿದೆ. ತನ್ನ ಓಟವನ್ನು ತಾನೇ ಓಡಿ, ತನ್ನ ಸಮಯವನ್ನು ತಾನೇ ಗಳಿಸಿ ಅಭ್ಯಾಸವಾದ ಟ್ರಯಥ್ಲಾನ್ ಪಟುವಿಗೆ ಈ ಮನೋಧರ್ಮವು ತೀರ ಹೊಸದು.

ಒಯ್ಯಬಹುದಾದ ಗಂಟು

ಹೀಗೆಂದಮಾತ್ರಕ್ಕೆ ಟ್ರಯಥ್ಲಾನಿನಿಂದ ಬರುವವನು ಬರಿಗೈಯಲ್ಲಿ ಬರುತ್ತಾನೆಂದು ತಿಳಿಯಬಾರದು. ವರ್ಷಗಟ್ಟಲೆಯ ಸಾಧನೆಯಿಂದ ಬಲಗೊಂಡ ಹೃದಯ, ಶ್ವಾಸಕೋಶಗಳು ಅವನ ಜೊತೆಗಿರುತ್ತವೆ. ನೋವನ್ನು ಸಹಿಸಿ ಸಮವೇಗವನ್ನು ಕಾಯುವ ಶಿಸ್ತು, ಆಹಾರ ವಿಶ್ರಾಂತಿಗಳ ಲೆಕ್ಕವಿಡುವ ಅಭ್ಯಾಸ, ಒಂಟಿಯಾಗಿ ತರಬೇತಿ ಪಡೆಯುವ ಮನೋಬಲ ಇವೆಲ್ಲ ಎಲ್ಲಿಗೆ ಹೋದರೂ ಉಪಯೋಗಕ್ಕೆ ಬರುವಂಥವು. ಸೈಕಲ್ ಪಂದ್ಯದ ಒಂದು ಪ್ರಕಾರದಲ್ಲಂತೂ ಅವು ನೇರವಾಗಿ ಫಲ ಕೊಡುತ್ತವೆ. ಅದುವೇ 'ಟೈಮ್ ಟ್ರಯಲ್', ಅಂದರೆ ಸವಾರರು ಒಬ್ಬೊಬ್ಬರಾಗಿ ಹೊರಟು ಗಡಿಯಾರದ ವಿರುದ್ಧ ಸ್ಪರ್ಧಿಸುವ ಪಂದ್ಯ.

2008ರ ಬೀಜಿಂಗ್ ಒಲಿಂಪಿಕ್ಸಿನ ಮಹಿಳೆಯರ ಟೈಮ್ ಟ್ರಯಲಿನ ಫಲಿತಾಂಶವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಅಂದು ಮೊದಲ ಸ್ಥಾನ ಪಡೆದ ಅಮೆರಿಕೆಯ ಕ್ರಿಸ್ಟಿನ್ ಆರ್ಮ್‌ಸ್ಟ್ರಾಂಗ್ ಹಿಂದೆ ಟ್ರಯಥ್ಲಾನ್ ಪಟುವಾಗಿದ್ದವರು. ಎರಡನೆಯವರಾದ ಬ್ರಿಟನ್ನಿನ ಎಮ್ಮಾ ಪೂಲಿ ಓಟ ಮತ್ತು ಟ್ರಯಥ್ಲಾನುಗಳ ಹಿನ್ನೆಲೆಯಿಂದ ಬಂದವರು. ಮೂರನೆಯವರಾದ ಸ್ವಿಟ್ಜರ್ಲೆಂಡಿನ ಕರಿನ್ ಟ್ಯೂರಿಗ್ ಓಟ ಮತ್ತು ಸೈಕಲ್ ಸೇರಿದ ಡ್ಯುಯಥ್ಲಾನಿನಲ್ಲೂ ದೀರ್ಘ ಟ್ರಯಥ್ಲಾನಿನಲ್ಲೂ ಹೆಸರಾದವರು. ಒಂದೇ ಪದಕ ವೇದಿಕೆಯ ಮೇಲೆ ನಿಂತ ಮೂವರೂ ಒಂದೇ ಬಾಗಿಲಿನಿಂದ ಸೈಕಲ್ ಪಂದ್ಯಕ್ಕೆ ಬಂದವರಾಗಿದ್ದರು.

ಇವರಲ್ಲಿ ಕ್ರಿಸ್ಟಿನ್ ಆರ್ಮ್‌ಸ್ಟ್ರಾಂಗ್ ಅವರ ಕಥೆ ವಿಶೇಷವಾಗಿ ಮನನೀಯವಾಗಿದೆ. ಆಕೆ ತಾನಾಗಿ ಟ್ರಯಥ್ಲಾನನ್ನು ಬಿಟ್ಟವರಲ್ಲ. 2001ರಲ್ಲಿ ಆಕೆಯ ಎರಡೂ ಸೊಂಟದ ಕೀಲುಗಳಲ್ಲಿ ಸಂಧಿವಾತವಿರುವುದು ಪತ್ತೆಯಾಯಿತು. ಓಟದ ಪ್ರತಿ ಹೆಜ್ಜೆಯೂ ಕೀಲುಗಳ ಮೇಲೆ ಬಡಿತವನ್ನುಂಟುಮಾಡುವುದರಿಂದ ಓಟವನ್ನು ಬಿಡದೆ ಗತ್ಯಂತರವಿರಲಿಲ್ಲ. ಸೈಕಲ್ ಸವಾರಿಯಲ್ಲಿ ದೇಹದ ಭಾರವನ್ನು ಬಂಡಿಯೇ ಹೊರುತ್ತದೆ. ಕೀಲುಗಳು ತಿರುಗುತ್ತವೆಯೇ ಹೊರತು ಬಡಿತಕ್ಕೆ ಒಳಗಾಗುವುದಿಲ್ಲ. ಹೀಗೆ ಅನಿವಾರ್ಯವಾಗಿ ಹಿಡಿದ ಹಾದಿಯಲ್ಲಿ ಆಕೆ 2008, 2012, 2016 ಈ ಮೂರು ಒಲಿಂಪಿಕ್ ಕೂಟಗಳಲ್ಲಿ ಸತತವಾಗಿ ಟೈಮ್ ಟ್ರಯಲಿನ ಚಿನ್ನದ ಪದಕವನ್ನು ಗೆದ್ದರು. ಮೂರನೆಯ ಪದಕ ಬಂದುದು ಆಕೆಗೆ 43 ವರ್ಷ ತುಂಬುವ ಹಿಂದಿನ ದಿನ. ಎರಡನೆಯವರಿಗೂ ಆಕೆಗೂ ಇದ್ದ ಅಂತರ ಆರು ಸೆಕೆಂಡಿಗಿಂತ ಕಡಮೆ. ಒಂದು ಬಾಗಿಲು ಮುಚ್ಚಿದಾಗ ಕಲಿತ ವಿದ್ಯೆಯೂ ಮುಗಿಯಿತೆಂದು ಕೈಚೆಲ್ಲಿ ಕೂಡುವ ಎಳೆಯರಿಗೆ ಹೇಳಬೇಕಾದ ಕಥೆಯಿದು.

ಮರೆಯಬೇಕಾದುದು, ಕಲಿಯಬೇಕಾದುದು

ಒಂಟಿ ಸವಾರಿಯಿಂದ ಗುಂಪಿನ ಪಂದ್ಯಕ್ಕೆ ಕಾಲಿಟ್ಟೊಡನೆ ತೊಡಕುಗಳು ಆರಂಭವಾಗುತ್ತವೆ. ಮೊದಲನೆಯದು ಸೈಕಲಿನ ರಚನೆ ಹಾಗೂ ಕುಳಿತುಕೊಳ್ಳುವ ಭಂಗಿ. ಟ್ರಯಥ್ಲಾನ್ ಸೈಕಲಿನಲ್ಲಿ ಆಸನವನ್ನು ಹೊತ್ತ ಕೊಳವೆಯು ಹೆಚ್ಚು ನೆಟ್ಟಗೆ, ಸುಮಾರು 76ರಿಂದ 80 ಡಿಗ್ರಿ ಕೋನದಲ್ಲಿರುತ್ತದೆ. ಸಾಮಾನ್ಯ ಪಂದ್ಯದ ಸೈಕಲಿನಲ್ಲಿ ಇದು 72ರಿಂದ 74 ಡಿಗ್ರಿ. ಆಸನ ಮುಂದಕ್ಕೆ ಬಂದಷ್ಟೂ ಸವಾರನು ಸೊಂಟವನ್ನು ಹೆಚ್ಚು ಮಡಿಸದೆಯೇ ಮುಂದೋಳುಗಳನ್ನು ಊರಿ ತಗ್ಗಾಗಿ ಬಾಗಬಹುದು. ಓಟಕ್ಕೆ ಬೇಕಾದ ತೊಡೆಯ ಹಿಂಭಾಗದ ಸ್ನಾಯುಗಳಿಗೂ ದಣಿವು ಕಡಮೆ. ಗುಂಪಿನ ಪಂದ್ಯದಲ್ಲಿಯಾದರೋ ಮುಂದೋಳೂರುವ ಹಿಡಿಗಳಿಗೆ ಅವಕಾಶವೇ ಇಲ್ಲ. ಕೈಗಳು ಸದಾ ಬ್ರೇಕಿನ ಹತ್ತಿರವೇ ಇರಬೇಕು. ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ಸೈಕಲಿನ ಆಕಾರವನ್ನೂ ತೂಕವನ್ನೂ ನಿಯಮಗಳಿಂದ ಕಟ್ಟಿಹಾಕಿದೆ, 6.8 ಕಿಲೋಗ್ರಾಮಿಗಿಂತ ಹಗುರವಾದ ಸೈಕಲಿಗೆ ಪಂದ್ಯದಲ್ಲಿ ಪ್ರವೇಶವಿಲ್ಲ.

ಎರಡನೆಯದು ಗುಂಪಿನಲ್ಲಿ ಸಾಗುವ ಕೌಶಲ. ಮುಂದಿನವನ ಹಿಂಚಕ್ರಕ್ಕೂ ತನ್ನ ಮುಂಚಕ್ರಕ್ಕೂ ಗೇಣುದ್ದದ ಅಂತರವನ್ನಷ್ಟೇ ಇಟ್ಟುಕೊಂಡು, ಎಡಬಲಗಳಲ್ಲಿ ಭುಜಕ್ಕೆ ಭುಜ ತಾಗುವಂತಿರುವ ಸವಾರರ ನಡುವೆ, ತಿರುವುಗಳನ್ನೂ ಇಳಿಜಾರುಗಳನ್ನೂ ದಾಟಬೇಕು. ಇಲ್ಲಿ ಥಟ್ಟನೆ ಬ್ರೇಕು ಹಾಕಿದವನು ತನಗೆ ಮಾತ್ರವಲ್ಲದೆ ಹಿಂದಿನ ಹತ್ತಾರು ಮಂದಿಗೂ ಅಪಾಯವನ್ನು ತರುತ್ತಾನೆ. ಪಕ್ಕದಿಂದ ಗಾಳಿ ಬೀಸಿದಾಗ ಸವಾರರು ರಸ್ತೆಗೆ ಅಡ್ಡಲಾಗಿ ಓರೆಸಾಲು ಕಟ್ಟುತ್ತಾರೆ. ಆ ಸಾಲಿನಲ್ಲಿ ಸ್ಥಳ ಸಿಗದವನು ಅಂಚಿನಲ್ಲಿ ಗಾಳಿಗೆ ಸಿಕ್ಕಿ ನಿಮಿಷಗಳಲ್ಲಿ ಹಿಂದೆ ಬೀಳುತ್ತಾನೆ. ಈ ವಿದ್ಯೆಯನ್ನು ಮನೆಯೊಳಗಿನ ಯಂತ್ರದ ಮೇಲೆ ತುಳಿದು ಕಲಿಯಲಾಗದು; ಇತರರ ನಡುವೆ ಸಾಗಿಯೇ ಕಲಿಯಬೇಕು. ಬಾಲ್ಯದಿಂದ ಗುಂಪಿನಲ್ಲಿ ಬೆಳೆದ ಸವಾರನಿಗೆ ಇದು ಮಾತೃಭಾಷೆಯಂತೆ ಬಂದಿರುತ್ತದೆ. ತಡವಾಗಿ ಬಂದವನು ವ್ಯಾಕರಣದಿಂದ ಭಾಷೆಯನ್ನು ಕಲಿತವನಂತೆ ಬಹುಕಾಲ ತಡವರಿಸುತ್ತಾನೆ.

ಮೂರನೆಯದು ಶ್ರಮದ ಲಯ. ಟ್ರಯಥ್ಲಾನಿನಲ್ಲಿ ಗುಣವೆನಿಸಿದ್ದ ಸಮವೇಗವು ಇಲ್ಲಿ ಕೆಲವೊಮ್ಮೆ ದೋಷವಾಗುತ್ತದೆ. ಸೈಕಲ್ ಪಂದ್ಯದಲ್ಲಿ ಗಂಟೆಗಟ್ಟಲೆ ನಿರಾಳವಾಗಿ ಸಾಗಿದ ಗುಂಪು ಒಮ್ಮೆಲೇ ಏರಿನ ಬುಡದಲ್ಲಿ ಸಿಡಿಯುತ್ತದೆ. ಅರ್ಧ ನಿಮಿಷ, ಒಂದು ನಿಮಿಷ ಸರ್ವಶಕ್ತಿಯನ್ನೂ ಸುರಿದು ಮತ್ತೆ ಉಸಿರು ಕೂಡಿಸಿಕೊಂಡು ಮತ್ತೆ ಸಿಡಿಯಬೇಕು. ಆ ಒಂದು ನಿಮಿಷದಲ್ಲಿ ಹಿಂದುಳಿದವನಿಗೆ ಮುಂದಿನ ಒಂದು ಗಂಟೆಯ ಸಮವೇಗದಿಂದ ಪ್ರಯೋಜನವಿಲ್ಲ. ಗುಂಪಿನ ಮರೆಯು ಅವನ ಕೈತಪ್ಪಿ ಹೋಗಿರುತ್ತದೆ. ಆದುದರಿಂದ ಹೊಸದಾಗಿ ಬಂದವನ ತರಬೇತಿಯಲ್ಲಿ ಇಂಥ ಚಿಕ್ಕ, ತೀವ್ರ ಪ್ರಯತ್ನಗಳಿಗೆ ಸ್ಥಾನ ದೊರೆಯಬೇಕು. ಈಜಿನಿಂದ ಬೆಳೆದ ಭುಜ, ತೋಳುಗಳ ತೂಕವೂ ಏರುಗಳಲ್ಲಿ ಹೊರೆಯಾಗಿ ಪರಿಣಮಿಸುತ್ತದೆ. ಕಾಲಕ್ರಮದಲ್ಲಿ ಅದು ತಾನಾಗಿ ಇಳಿಯುತ್ತದೆ.

ಇಲ್ಲಿ ಆರೋಗ್ಯದ ಒಂದು ಎಚ್ಚರಿಕೆಯೂ ಅಗತ್ಯ. ಓಟದ ಬಡಿತವು ಕೀಲುಗಳಿಗೆ ಕಷ್ಟವೆನಿಸಿದರೂ ಮೂಳೆಗಳನ್ನು ಗಟ್ಟಿಗೊಳಿಸುವುದೂ ಅದೇ. ಓಟವನ್ನು ಪೂರ್ಣವಾಗಿ ಬಿಟ್ಟು ಸೈಕಲನ್ನಷ್ಟೇ ತುಳಿಯುವವರಲ್ಲಿ, ವಿಶೇಷವಾಗಿ ಬೆನ್ನೆಲುಬಿನ ಕೆಳಭಾಗದಲ್ಲಿ, ಮೂಳೆಯ ಸಾಂದ್ರತೆ ಕುಗ್ಗುವುದುಂಟು. ಆದುದರಿಂದ ಭಾರ ಎತ್ತುವ ವ್ಯಾಯಾಮವನ್ನೂ ಸಾಕಷ್ಟು ಆಹಾರವನ್ನೂ ಬಿಡದೆ ಪಾಲಿಸುವುದು ಕ್ಷೇಮಕರ.

ಕೊಟ್ಟು ತೆಗೆದುಕೊಂಡ ಸಂಬಂಧ

ಎರಡು ಕ್ರೀಡೆಗಳ ಸಂಬಂಧವು ಒಂದೇ ದಿಕ್ಕಿನದಲ್ಲ. ಮುಂದೋಳುಗಳನ್ನು ಊರಿ ಬಾಗಲು ಅನುಕೂಲವಾದ ಹಿಡಿಗಳನ್ನು 1980ರ ದಶಕದ ಉತ್ತರಾರ್ಧದಲ್ಲಿ ಬಳಕೆಗೆ ತಂದವರು ಟ್ರಯಥ್ಲಾನ್ ಪಟುಗಳು. ಶತಮಾನದ ಸಂಪ್ರದಾಯವುಳ್ಳ ಸೈಕಲ್ ಪಂದ್ಯದ ಜನ ಮೊದಲು ಅವನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. 1989ರ ಟೂರ್ ದ ಫ್ರಾನ್ಸ್ ಪಂದ್ಯದ ಕೊನೆಯ ದಿನ ವರ್ಸೈಯಿಂದ ಪ್ಯಾರಿಸಿಗೆ 24.5 ಕಿಲೋಮೀಟರಿನ ಟೈಮ್ ಟ್ರಯಲ್ ಇತ್ತು. ಅಮೆರಿಕೆಯ ಗ್ರೆಗ್ ಲೆಮಾಂಡ್ ಅಂದು ಫ್ರಾನ್ಸಿನ ಲೊರಾಂ ಫಿಗ್ನೊನಿಗಿಂತ 50 ಸೆಕೆಂಡು ಹಿಂದಿದ್ದರು. ಲೆಮಾಂಡ್ ಟ್ರಯಥ್ಲಾನಿನ ಹಿಡಿಗಳನ್ನು ಜೋಡಿಸಿಕೊಂಡು ಹೊರಟರು; ಫಿಗ್ನೊನ್ ಹಳೆಯ ರೀತಿಯಲ್ಲೇ ಹೊರಟರು. ಲೆಮಾಂಡ್ ಅಂದು 58 ಸೆಕೆಂಡುಗಳನ್ನು ಗಳಿಸಿ, ಮೂರು ವಾರಗಳ ಪಂದ್ಯವನ್ನು ಕೇವಲ 8 ಸೆಕೆಂಡುಗಳಿಂದ ಗೆದ್ದರು. ಗೆಲುವಿಗೆ ಹಿಡಿಗಳೊಂದೇ ಕಾರಣವೆನ್ನಲಾಗದಿದ್ದರೂ ಅಂದಿನಿಂದ ಟೈಮ್ ಟ್ರಯಲ್ ಸೈಕಲಿನ ರೂಪವೇ ಬದಲಾಯಿತು. ಹಳೆಯ ಮನೆಯವರು ನೋಡಿಯೂ ನೋಡದಿದ್ದುದನ್ನು ಹೊಸ ನೆರೆಮನೆಯವರು ಬಳಸಿ ತೋರಿಸಿದ್ದರು.

ಶಕ್ತಿಯೊಂದರಿಂದಲೇ ಎಲ್ಲವೂ ಸಾಧ್ಯವೆಂದು ನಂಬುವವರಿಗೆ 2024ರ ಪ್ಯಾರಿಸ್ ಒಲಿಂಪಿಕ್ಸಿನ ಒಂದು ಪ್ರಸಂಗವನ್ನು ಹೇಳಬಹುದು. ಅಮೆರಿಕೆಯ ಟ್ರಯಥ್ಲಾನ್ ಪಟು ಟೇಲರ್ ನಿಬ್ ತಮ್ಮ ದೇಶದ ಟೈಮ್ ಟ್ರಯಲ್ ಚಾಂಪಿಯನ್‌ಷಿಪ್ಪನ್ನು ಗೆದ್ದು ಆ ಸ್ಪರ್ಧೆಗೂ ಅರ್ಹತೆ ಪಡೆದಿದ್ದರು. ಪಂದ್ಯದ ದಿನ ಮಳೆಯಿಂದ ರಸ್ತೆಗಳು ಜಾರುತ್ತಿದ್ದವು. ಹಲವು ಬಾರಿ ಬಿದ್ದೆದ್ದ ನಿಬ್ 19ನೆಯವರಾಗಿ ಮುಗಿಸಿದರು. ಅದೇ ರಸ್ತೆಯಲ್ಲಿ ಅನುಭವಿ ಸೈಕಲ್ ಪಟು ಕ್ಲೋಯಿ ಡೈಗರ್ಟ್ ಸಹ ಬಿದ್ದರು. ಆದರೂ ಎದ್ದು ಕಂಚಿನ ಪದಕ ಪಡೆದರು. ನಿಬ್ ಕೆಲವೇ ದಿನಗಳ ತರುವಾಯ ಟ್ರಯಥ್ಲಾನಿನ ಮಿಶ್ರ ರಿಲೇಯಲ್ಲಿ ಬೆಳ್ಳಿ ಪದಕದ ತಂಡದಲ್ಲಿದ್ದರು ಎಂಬುದನ್ನೂ ಹೇಳದಿದ್ದರೆ ಅವರಿಗೆ ಅನ್ಯಾಯವಾದೀತು.

ಇನ್ನೊಂದು ಹೆಸರನ್ನು ಮರೆಮಾಚುವಂತಿಲ್ಲ. ಹದಿಹರೆಯದಲ್ಲೇ ಟ್ರಯಥ್ಲಾನಿನಲ್ಲಿ ಹೆಸರು ಮಾಡಿ ಸೈಕಲ್ ಪಂದ್ಯಕ್ಕೆ ಬಂದ ಅಮೆರಿಕೆಯ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1993ರಲ್ಲಿ ತಮ್ಮ 21ನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. 1999ರಿಂದ 2005ರವರೆಗೆ ಏಳು ಬಾರಿ ಟೂರ್ ದ ಫ್ರಾನ್ಸ್ ಗೆದ್ದವರೆನಿಸಿಕೊಂಡರು. ಆದರೆ ನಿಷೇಧಿತ ಮದ್ದುಗಳ ಸೇವನೆ ಸಿದ್ಧವಾಗಿ 2012ರಲ್ಲಿ ಆ ಏಳೂ ಗೆಲುವುಗಳನ್ನು ಕಿತ್ತುಕೊಳ್ಳಲಾಯಿತು. 2013ರ ಜನವರಿಯಲ್ಲಿ ಅವರೇ ಅದನ್ನು ಒಪ್ಪಿಕೊಂಡರು. ಒಂದು ಕ್ರೀಡೆಯಿಂದ ಇನ್ನೊಂದಕ್ಕೆ ಹೋಗುವವನು ಅಲ್ಲಿಯ ಕೌಶಲಗಳೊಡನೆ ಅಲ್ಲಿಯ ಕೆಟ್ಟ ರೂಢಿಗಳನ್ನೂ ಎದುರಿಸಬೇಕಾಗುತ್ತದೆ. ಯಾವುದನ್ನು ಕಲಿಯಬಾರದೆಂಬ ವಿವೇಕವೂ ವಿದ್ಯೆಯ ಒಂದು ಭಾಗವೇ ಆಗಿದೆ.

ಗಣಿತಜ್ಞೆಯ ಏಕಾಂಗಿ ಸವಾರಿ

ಈ ಬದಲಾವಣೆಯ ಕಷ್ಟವನ್ನೂ ಫಲವನ್ನೂ ಏಕಕಾಲಕ್ಕೆ ತೋರಿಸುವ ದೃಷ್ಟಾಂತವೆಂದರೆ ಆಸ್ಟ್ರಿಯಾ ದೇಶದ ಆನ್ನಾ ಕೀಸೆನ್‌ಹೋಫರ್ ಅವರದು. 1991ರಲ್ಲಿ ಜನಿಸಿದ ಆಕೆ ವಿಯೆನ್ನಾ ಹಾಗೂ ಕೇಂಬ್ರಿಜ್‌ಗಳಲ್ಲಿ ಗಣಿತಶಾಸ್ತ್ರವನ್ನು ಅಭ್ಯಸಿಸಿ, 2016ರಲ್ಲಿ ಬಾರ್ಸಿಲೋನಾದ ತಾಂತ್ರಿಕ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಬಳಿಕ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಸಂಶೋಧನೆ, ಬೋಧನೆಗಳಲ್ಲಿ ನಿರತರಾದರು. ವಿದ್ಯಾರ್ಥಿದೆಸೆಯಲ್ಲಿ, 2011ರಿಂದ 2013ರವರೆಗೆ, ಆಕೆ ಟ್ರಯಥ್ಲಾನ್ ಮತ್ತು ಡ್ಯುಯಥ್ಲಾನುಗಳಲ್ಲಿ ಪಾಲ್ಗೊಳ್ಳುತ್ತಿದ್ದರು. ಓಟದಿಂದಾದ ಗಾಯಗಳ ಕಾರಣ 2014ರಿಂದ ಸೈಕಲ್ ಪಂದ್ಯವೊಂದಕ್ಕೇ ಮನಸ್ಸು ಕೊಟ್ಟರು.

2016ರಲ್ಲಿ ಫ್ರಾನ್ಸಿನ ಆರ್ದೆಶ್ ಪ್ರಾಂತದ ಬಹುದಿನಗಳ ಪಂದ್ಯದಲ್ಲಿ ಆಕೆ ಒಟ್ಟಾರೆ ಎರಡನೆಯ ಸ್ಥಾನ ಗಳಿಸಿದರು. ಆ ಯಶಸ್ಸಿನಿಂದಾಗಿ 2017ರಲ್ಲಿ ಬೆಲ್ಜಿಯಮ್ಮಿನ ವೃತ್ತಿಪರ ತಂಡವೊಂದು ಆಕೆಯನ್ನು ಸೇರಿಸಿಕೊಂಡಿತು. ಆದರೆ ಆ ಜೀವನ ಆಕೆಗೆ ಒಗ್ಗದೆ, ಬಹುಬೇಗ ಅಲ್ಲಿಂದ ಹೊರಬಂದರು. ಗುಂಪಿನ ಒಳಗೆ ಭುಜ ತಾಗಿಸಿಕೊಂಡು ಸಾಗುವುದು ಆಕೆಗೆ ಎಂದೂ ಹಿತವೆನಿಸಿದ ವಿದ್ಯೆಯಲ್ಲ. ಒಬ್ಬರೇ ಗಾಳಿಗೆ ಎದುರಾಗಿ ಸಾಗುವ ಸಾಮರ್ಥ್ಯವಾದರೋ ಹಿರಿದಾಗಿತ್ತು. 2019ರಿಂದ ಸತತವಾಗಿ ಮೂರು ವರ್ಷ ಆಕೆ ಆಸ್ಟ್ರಿಯಾದ ಟೈಮ್ ಟ್ರಯಲ್ ಚಾಂಪಿಯನ್ ಆದರು. ಸಂಬಳ ಕೊಡುವ ತಂಡವಿಲ್ಲದೆ, ತರಬೇತಿ, ಆಹಾರ, ಸಲಕರಣೆಗಳ ಯೋಜನೆಯನ್ನೆಲ್ಲ ತಾವೇ ಲೆಕ್ಕ ಹಾಕಿಕೊಂಡು, ಕಾಲೇಜಿನ ಕೆಲಸದ ನಡುವೆಯೇ ಒಲಿಂಪಿಕ್ಸಿಗೆ ಸಿದ್ಧರಾದರು.

ಟೋಕಿಯೋ ಒಲಿಂಪಿಕ್ಸಿನ ಮಹಿಳೆಯರ ರಸ್ತೆ ಪಂದ್ಯ ನಡೆದುದು 2021ರ ಜುಲೈ 25ರಂದು. ದೂರ 137 ಕಿಲೋಮೀಟರ್, ಸೆಕೆಯ ದಿನ, ದಾರಿಯಲ್ಲಿ ಬೆಟ್ಟದ ಏರುಗಳು. ನೆದರ್ಲೆಂಡ್ಸ್ ದೇಶವು ವಿಶ್ವವಿಖ್ಯಾತರಾದ ನಾಲ್ವರ ತಂಡವನ್ನು ಕಳುಹಿಸಿತ್ತು. ಆಸ್ಟ್ರಿಯಾದ ಪರವಾಗಿ ಇದ್ದವರು ಕೀಸೆನ್‌ಹೋಫರ್ ಒಬ್ಬರೇ. ಅವರಿಗೆ ಗಾಳಿಯ ಮರೆಯಾಗಲು, ನೀರು ತರಲು ಸಹಾಯಕರು ಯಾರೂ ಇರಲಿಲ್ಲ. ಗುಂಪಿನೊಳಗಿದ್ದು ಕೊನೆಯವರೆಗೆ ಕಾದರೆ ತಮಗೆ ಗೆಲುವಿಲ್ಲವೆಂದು ಆಕೆ ಬಲ್ಲವರಾಗಿದ್ದರು. ಆದುದರಿಂದ ಪಂದ್ಯಕ್ಕೆ ಬಾವುಟ ಬೀಸಿದೊಡನೆಯೇ ಮುನ್ನುಗ್ಗಿದರು. ಇನ್ನೂ ನಾಲ್ವರು ಜೊತೆಗೂಡಿದರು. ಅಷ್ಟೇನೂ ಹೆಸರಿಲ್ಲದ ಈ ಐವರನ್ನು ಹಿಂದಿನ ಗುಂಪು ಲೆಕ್ಕಿಸಲಿಲ್ಲ. ಒಂದು ಹಂತದಲ್ಲಿ ಅವರ ಮುನ್ನಡೆ ಹತ್ತು ನಿಮಿಷಗಳನ್ನು ಮೀರಿತು.

ಒಂಟಿ ಸವಾರನನ್ನು ಗುಂಪು ಹಿಡಿಯುವುದರ ಬಗ್ಗೆ ಸೈಕಲ್ ಪಂದ್ಯದಲ್ಲಿ ಒಂದು ಹಳೆಯ ಸೂತ್ರವುಂಟು. ಸವಾರನಾಗಿದ್ದು ಅನಂತರ ವೀಕ್ಷಕ ವಿವರಣೆಕಾರನಾದ ಫ್ರಾನ್ಸಿನ ರೊಬೇರ್ ಶಾಪಾಟ್ ಹೆಸರಿನಲ್ಲಿ ಅದು ಪ್ರಸಿದ್ಧವಾಗಿದೆ. ಉಳಿದ ಪ್ರತಿ 10 ಕಿಲೋಮೀಟರಿಗೆ ಒಂದು ನಿಮಿಷದಷ್ಟು ಅಂತರವನ್ನು ಗುಂಪು ತುಂಬಿಕೊಳ್ಳಬಲ್ಲದು ಎಂಬುದು ಅದರ ಸಾರ. ಆದರೆ ಗುಂಪು ಲೆಕ್ಕ ಹಾಕಿದರೆ ತಾನೇ ಸೂತ್ರವು ಫಲಿಸುವುದು. ಒಲಿಂಪಿಕ್ಸಿನಲ್ಲಿ ಸವಾರರ ಕಿವಿಗೆ ರೇಡಿಯೋ ಸಂದೇಶ ಕೊಡುವಂತಿಲ್ಲ. ಮುಂದೆ ಎಷ್ಟು ಮಂದಿ ಇದ್ದಾರೆ, ಎಷ್ಟು ದೂರ ಇದ್ದಾರೆ ಎಂಬುದನ್ನು ರಸ್ತೆಯಲ್ಲಿ ತೋರಿಸುವ ಫಲಕಗಳಿಂದಲೇ ಅರಿಯಬೇಕು. ಪ್ರಬಲ ತಂಡಗಳು ಒಬ್ಬರನ್ನೊಬ್ಬರು ನೋಡುತ್ತ ಉಳಿದವು.

ಇನ್ನೂ 41 ಕಿಲೋಮೀಟರು ಉಳಿದಿರುವಾಗ ಕೀಸೆನ್‌ಹೋಫರ್ ತಮ್ಮ ಜೊತೆಗಾರರನ್ನೂ ಹಿಂದೆ ಬಿಟ್ಟು ಏಕಾಂಗಿಯಾಗಿ ಸಾಗಿದರು. ಅಲ್ಲಿಂದ ಮುಂದೆ ಅದು ರಸ್ತೆ ಪಂದ್ಯವಾಗಿ ಉಳಿಯದೆ, ಆಕೆ ಬಲ್ಲ ಟೈಮ್ ಟ್ರಯಲ್ಲೇ ಆಯಿತು. ಹಿಂದಿದ್ದವರು ಮುಕ್ತಾಯಕ್ಕೆ ಕೆಲವೇ ಕಿಲೋಮೀಟರು ಇರುವಾಗ ಆಕೆಯ ಹಳೆಯ ಜೊತೆಗಾರರಿಬ್ಬರನ್ನು ಹಿಡಿದು, ಇನ್ನು ಮುಂದೆ ಯಾರೂ ಇಲ್ಲವೆಂದು ಭಾವಿಸಿದರು. ಫ್ಯೂಜಿ ಸ್ಪೀಡ್‌ವೇಯ ಅಂಗಳದಲ್ಲಿ ಕೀಸೆನ್‌ಹೋಫರ್ ಗೆರೆ ದಾಟಿದ 1 ನಿಮಿಷ 15 ಸೆಕೆಂಡುಗಳ ಅನಂತರ ಬಂದ ನೆದರ್ಲೆಂಡ್ಸಿನ ಆನೆಮೀಕ್ ಫಾನ್ ಫ್ಲೂಟನ್, ತಾವೇ ಗೆದ್ದೆವೆಂದು ತಿಳಿದು ಎರಡೂ ಕೈಗಳನ್ನು ಮೇಲೆತ್ತಿದರು. ಸತ್ಯ ತಿಳಿದುದು ಆ ಬಳಿಕ. ಸೈಕಲ್ ಪಂದ್ಯದಲ್ಲಿ ಆಸ್ಟ್ರಿಯಾಕ್ಕೆ 1896ರ ಅಥೆನ್ಸ್ ಕೂಟದಲ್ಲಿ ಆಡೊಲ್ಫ್ ಶ್ಮಾಲ್ ಗೆದ್ದ ತರುವಾಯ ದೊರೆತ ಮೊದಲನೆಯ ಚಿನ್ನವಿದು. ಬೇಸಿಗೆಯ ಒಲಿಂಪಿಕ್ಸಿನಲ್ಲಿ ಆ ದೇಶ ಅದಕ್ಕೆ ಮೊದಲು ಚಿನ್ನ ಕಂಡಿದ್ದುದು 2004ರಲ್ಲಿ. ಆಗ ಗೆದ್ದವರಲ್ಲಿ ಒಬ್ಬರಾದ ಕೇಟ್ ಆ್ಯಲನ್ ಅವರ ಕ್ರೀಡೆ ಟ್ರಯಥ್ಲಾನ್ ಆಗಿತ್ತೆಂಬುದು ಕುತೂಹಲದ ಸಂಗತಿ.

ಉಪಸಂಹಾರ

ಕೀಸೆನ್‌ಹೋಫರ್ ಅವರ ಗೆಲುವಿನಲ್ಲಿ ಎದುರಾಳಿಗಳ ತಪ್ಪಿನ ಪಾಲಿಲ್ಲವೆಂದು ಹೇಳಲಾಗದು. ಆದರೆ ತಪ್ಪಿಗೆ ಅವಕಾಶ ದೊರೆಯುವುದೂ ಅದನ್ನು ಬಳಸಿಕೊಳ್ಳುವಷ್ಟು ಸಿದ್ಧತೆ ಇರುವುದೂ ಬೇರೆ ಬೇರೆ. ಆಕೆ ಹೊಸ ವಿದ್ಯೆಯ ಎಲ್ಲ ಅಂಗಗಳನ್ನೂ ಕರಗತ ಮಾಡಿಕೊಂಡವರಾಗಿರಲಿಲ್ಲ. ತಮ್ಮ ಕೊರತೆ ಯಾವುದು, ತಮ್ಮ ಹಳೆಯ ಕಸುಬಿನಿಂದ ಬಂದ ಬಲ ಯಾವುದು ಎಂಬುದನ್ನು ಮುಚ್ಚುಮರೆಯಿಲ್ಲದೆ ಅಳೆದುಕೊಂಡರು. ಕೊರತೆಯು ಕಾಡುವ ಸ್ಥಳದಿಂದ ದೂರ ಸರಿದು, ಬಲವು ಸಲ್ಲುವ ಸ್ಥಳಕ್ಕೆ ಪಂದ್ಯವನ್ನು ಎಳೆದೊಯ್ದರು. ಕ್ರಿಸ್ಟಿನ್ ಆರ್ಮ್‌ಸ್ಟ್ರಾಂಗ್ ಅವರೂ ಬೇರೆ ರೀತಿಯಲ್ಲಿ ಮಾಡಿದುದು ಇದನ್ನೇ. ಕೀಲುಗಳು ಒಪ್ಪದ ಓಟವನ್ನು ಬಿಟ್ಟು, ಓಟದಿಂದಲೇ ಗಳಿಸಿದ್ದ ಉಸಿರಿನ ಬಲವನ್ನು ಬಿಡದೆ ಉಳಿಸಿಕೊಂಡರು.

ಇಂದು ಟ್ರಯಥ್ಲಾನಿನಿಂದ ಸೈಕಲ್ ಪಂದ್ಯಕ್ಕೆ ಹೊರಳಬಯಸುವ ತರುಣರಿಗೆ ಹೇಳಬೇಕಾದ ಮಾತುಗಳು ಬಹಳವಿಲ್ಲ. ಟೈಮ್ ಟ್ರಯಲಿನಿಂದ ಆರಂಭಿಸುವುದು ಒಳ್ಳೆಯದು. ಅಲ್ಲಿ ಹಳೆಯ ಬಂಡವಾಳವು ಕೂಡಲೇ ಸಲ್ಲುತ್ತದೆ. ಗುಂಪಿನ ಸವಾರಿಯನ್ನು ಹಿರಿಯ ಸವಾರರ ಜೊತೆಯಲ್ಲಿ, ಪಂದ್ಯದ ಒತ್ತಡವಿಲ್ಲದ ದಿನಗಳಲ್ಲಿ, ತಾಳ್ಮೆಯಿಂದ ಕಲಿಯಬೇಕು. ಕೆಳಗಿನ ದರ್ಜೆಯ ಪಂದ್ಯಗಳಲ್ಲಿ ಕೆಲಕಾಲ ಸೋಲುವುದಕ್ಕೆ ನಾಚಬಾರದು. ತಾನು ಗೆಲ್ಲದ ದಿನ ಇನ್ನೊಬ್ಬನ ಗೆಲುವಿಗಾಗಿ ಗಾಳಿಗೆ ಎದುರಾಗಿ ನಿಲ್ಲುವುದನ್ನೂ ಕಲಿಯಬೇಕು. ಪ್ರಾಯಶಃ ಎಲ್ಲಕ್ಕಿಂತ ಕಠಿನವಾದ ಪಾಠ ಅದೇ.

ಶಾಲೆಯಲ್ಲಿ ಒಂದು ವಿಷಯವನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ವಿದ್ಯಾರ್ಥಿಯನ್ನು ಚಂಚಲನೆಂದು ಗದರಿಸುವುದು ಸುಲಭ. ಹಿಂದಿನ ವಿಷಯದಲ್ಲಿ ಅವನು ಗಳಿಸಿದುದರಲ್ಲಿ ಹೊಸದಕ್ಕೆ ಸಲ್ಲುವುದು ಯಾವುದೆಂದು ಅವನೊಡನೆ ಕುಳಿತು ಲೆಕ್ಕ ಹಾಕುವುದು ಕಷ್ಟದ ಕೆಲಸ. ಓಡಲಾರದೆ ಹೋದ ಓಟಗಾರ್ತಿಯರು ಸೈಕಲಿನ ಮೇಲೆ ಎಷ್ಟು ದೂರ ಹೋಗಬಹುದೆಂಬುದನ್ನು ಮೇಲಿನ ದೃಷ್ಟಾಂತಗಳು ತೋರಿಸಿವೆ. ಅಂಥವರಿಗೆ ಆ ಲೆಕ್ಕವನ್ನು ಹಾಕಿಕೊಡುವ ಹಿರಿಯರು ಸಕಾಲದಲ್ಲಿ ದೊರೆಯುವಂತಾಗಬೇಕು.